ಇಪ್ಪತ್ತು ದೇಶಗಳ ಕಾವಲು

ಜನವರಿ 9, ಮಂಗಳವಾರ. ಸಂಜೆ 4

ಹಲ್ಲಿನ ಕ್ಲಿನಿಕ್ ಎರಡಕ್ಕೆ ಮುಚ್ಚಿತು, ಐದಕ್ಕೆ ಮತ್ತೆ ಓಪನ್. ಜಯನಗರ ನಾಲ್ಕನೇ ಬ್ಲಾಕಿನಿಂದ ಇಟ್ಟಮಡುವಿಗೆ ಬಂದು ಉಂಡು ಮತ್ತೆ ಓಡುವುದು ಹುಚ್ಚುತನ. ಆದರೂ ಬರುತ್ತೇನೆ. ಮಾವ ಒಬ್ಬರೇ ಕೂತು ಉಣ್ಣುವುದಿಲ್ಲ.

ಅತ್ತೆ ಮನೆಯಲ್ಲಿರಲಿಲ್ಲ. ಮಂಗಳವಾರದ ರಾಹುಕಾಲ. ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ. ಮಗ ಹಡಗು ಹತ್ತಿದಾಗಿನಿಂದ ಒಂದು ವಾರವೂ ತಪ್ಪಿಸಿಲ್ಲ.

ಮುದ್ದೆ ಮುರಿಯುವಾಗ ದಿನೇಶ್ ಕಾಲ್. ಸ್ಪೀಕರ್ ಹಾಕಿ ಟೇಬಲ್ ಮೇಲಿಟ್ಟೆ. ಸೂಯೆಜ್ ಕಾಲುವೆಯ ಬಾಯಲ್ಲಿ ಲಂಗರು ಹಾಕಿದ್ದಾರಂತೆ. ಮುಂದೆ ಕೆಂಪು ಸಮುದ್ರ. ಅಲ್ಲಿ ಯೆಮನ್ ಕಡೆಯಿಂದ ಹಡಗುಗಳ ಮೇಲೆ ಕ್ಷಿಪಣಿಗಳು ಬೀಳುತ್ತಿವೆ. ಕ್ಯಾಪ್ಟನ್ ಎಲ್ಲರನ್ನೂ ಕೂರಿಸಿ ಹೇಳಿದರಂತೆ — ಇಷ್ಟವಿಲ್ಲದವರು ಇಲ್ಲೇ ಇಳಿಯಬಹುದು, ಕೆಲಸಕ್ಕೆ ತೊಂದರೆಯಿಲ್ಲ, ನಾಳೆ ಬೆಳಿಗ್ಗೆಯೊಳಗೆ ತಿಳಿಸಿ.

"ಇಬ್ರು ಇಳೀತಿದ್ದಾರೆ ಅಪ್ಪಾ. ನಾನೇನ್ ಮಾಡ್ಲಿ?"

ಕೇಳಿದ್ದು ಅಪ್ಪನನ್ನು. ಹೆಂಡತಿ ನಾನು ಪಕ್ಕದಲ್ಲೇ ತುಪ್ಪ ಬಡಿಸುತ್ತಿದ್ದೆ, ಇರಲಿ.

ಮಾವ ಪೇಪರಿನಲ್ಲಿ ಓದಿದ್ದರು. ಹಡಗುಗಳನ್ನು ಕಾಯಲು ಇಪ್ಪತ್ತು ದೇಶಗಳು ಒಂದಾಗಿ ಪಡೆ ಕಟ್ಟಿವೆ ಎಂದು. "ಇಪ್ಪತ್ತು ದೇಶ ಕಣೋ! ಯಾವನ್ಗೆ ಧೈರ್ಯ ಬರುತ್ತೆ? ಮೂರನೇ ಸ್ಟೇಜ್ ಸೈಟಿಂದು ಗೊತ್ತಲ್ಲ ನಿಂಗೆ?"

ಗೊತ್ತಿಲ್ಲದೆ ಏನು. ಈ ಮನೆಗೆ ಬಂದವರೆಲ್ಲ ಕಾಫಿಯ ಜೊತೆ ಅದನ್ನೂ ಕುಡಿದೇ ಹೋಗಬೇಕು. ಹೊಲ ಸೈಟಾದ ಕಾಲ. ಯಾರೋ ನಮ್ಮ ಜಾಗಕ್ಕೆ ಕಾಂಪೌಂಡ್ ಹಾಕಲು ಬಂದರು. ಮಾವ ಊರಿನಿಂದ ಇಪ್ಪತ್ತು ಜನರನ್ನು ಕರೆದು ಸೈಟಿನ ಮೇಲೆ ಸುಮ್ಮನೆ ನಿಲ್ಲಿಸಿದರು. ಬಂದವರು ತಲೆ ಎಣಿಸಿ, ಜಲ್ಲಿ ಲಾರಿ ತಿರುಗಿಸಿಕೊಂಡು ಹೋದರು. ಒಂದು ಏಟೂ ಬೀಳಲಿಲ್ಲ.

"ಹೊಡಿಯೋದೇ ಬೇಡ ಕಣೋ. ಜನ ನಿಂತ್ರೆ ಸಾಕು. ನೀನ್ ಹೋಗು, ಏನಾಗಲ್ಲ."

"ಸರಿ ಅಪ್ಪಾ," ಎಂದ ದಿನೇಶ್. ದನಿ ಹಗುರವಾಗಿತ್ತು. ಬಹುಶಃ ಅದನ್ನೇ ಕೇಳಬೇಕಿತ್ತು ಅವನಿಗೆ.

ನನಗೆ ಬೇಡ ಅನ್ನಬೇಕು ಅನ್ನಿಸಿತ್ತು. ಅನ್ನಲಿಲ್ಲ. ಮಾವ ಮಾತಾಡಿದ ಮೇಲೆ ಈ ಮನೆಯಲ್ಲಿ ಫೋನ್ ಬೇರೆಯವರ ಕೈಗೆ ಬರುವುದು ಚಾರ್ಜ್ ಮುಗಿದಾಗಲೇ.

ಜನವರಿ 11, ಗುರುವಾರ

ಇವತ್ತು ಕ್ಲಿನಿಕ್ಕಿಗೆ ರಾಮಪ್ರಸಾದ್ ಅಂಕಲ್ ಬಂದಿದ್ದರು, ಕಟ್ಟುಹಲ್ಲಿನ ಅಳತೆಗೆ. ರಿಟೈರ್ಡ್ ಬ್ಯಾಂಕ್ ಆಫೀಸರ್, ಪೇಪರ್ ಹುಚ್ಚು. ಬಾಯಲ್ಲಿ ಅಚ್ಚು ಇದ್ದರೂ ಮಾತು ನಿಲ್ಲಿಸುವವರಲ್ಲ. ರಿಸೆಪ್ಷನ್ನಿನಲ್ಲಿ ನನ್ನ ಮೇಜಿನೆದುರು ಕಾಯುವಾಗ ನಾನೇ ಕೇಳಿದೆ, ಆ ಇಪ್ಪತ್ತು ದೇಶದ ವಿಷಯ.

"ಇಪ್ಪತ್ತು ಅನ್ನೋದು ಪಟ್ಟಿಗೆ ಕಣಮ್ಮಾ. ಹಡಗು ಕಳಿಸಿರೋದು ಯಾರು ನೋಡು — ಕೈಬೆರಳಲ್ಲಿ ಎಣಿಸ್ಬೋದು. ಒಂದು ದೇಶ ಹತ್ತು ಜನ ಆಫೀಸರ್‌ಗಳನ್ನ ಕಳಿಸಿದೆ. ಇನ್ನೊಂದು ಒಬ್ಬನೇ ಒಬ್ಬನ್ನ! ಅವನು ಎಲ್ಲೋ ಆಫೀಸಲ್ಲಿ ಕೂತು ಮ್ಯಾಪ್ ನೋಡ್ತಿರ್ತಾನೆ."

"ಮಿಕ್ಕವರು?"

"ಕೆಲವ್ರು ಸೇರಿದೀವಿ, ಆದ್ರೆ ನಮ್ಮ ಹೆಸರು ಹೇಳ್ಬೇಡಿ ಅಂದಿದ್ದಾರೆ."

"ಹೆಸರು ಹೇಳ್ಬೇಡಿ ಅನ್ನೋರು ಸೇರಿದ್ದು ಯಾಕೆ ಅಂಕಲ್?"

"ಸೇರಲ್ಲ ಅಂದ್ರೆ ದೊಡ್ಡಣ್ಣನಿಗೆ ಬೇಜಾರು. ಸೇರಿದೀವಿ ಅಂದ್ರೆ ಅಕ್ಕಪಕ್ಕದವ್ರಿಗೆ ಬೇಜಾರು. ಮದುವೆ ಮನೇಲಿ ಇಬ್ರು ಬೀಗರ ಮಧ್ಯೆ ಸಿಕ್ಕಾಕ್ಕೊಂಡ ಹಾಗೆ."

ನಕ್ಕರು. ನನಗೂ ನಗು ಬಂತು. ಗಂಡ ಅದೇ ನೀರಿನಲ್ಲಿದ್ದಾನೆ ಎಂದು ಅವರಿಗೆ ಹೇಳಲಿಲ್ಲ. ಡಾಕ್ಟರ್ ಒಳಗೆ ಕರೆದರು, ಹೋದರು.

ದಿನೇಶನಿಗೆ ಮೆಸೇಜ್ ಹಾಕಿದೆ. ಇಳಿದುಬಿಡು, ಇಪ್ಪತ್ತೂ ಇಲ್ಲ, ಐದೂ ಇಲ್ಲ. ಒಂದು ಗಂಟೆಯ ಮೇಲೆ ರಿಪ್ಲೈ: "ಕಾಲುವೆ ಒಳಗಿದೀವಿ. ಇಲ್ಲಿ ಬಸ್ ಸ್ಟಾಪ್ ಇಲ್ಲ ಗುರು."

ಜನವರಿ 15, ಸೋಮವಾರ. ಸಂಕ್ರಾಂತಿ

ಎಳ್ಳು ಬೀರಿ ಬಂದೆ. ಅತ್ತೆ ಕಬ್ಬಿನ ತುಂಡು ಒಂದನ್ನು ಫ್ರಿಜ್ಜಿನಲ್ಲಿಟ್ಟರು. ಫೆಬ್ರವರಿಯಲ್ಲಿ ಬರುವವನಿಗೆ! ಅಷ್ಟರಲ್ಲಿ ಅದು ಹುಳಿ ಹಿಡಿದಿರುತ್ತದೆ ಅತ್ತೆ ಎಂದರೆ, "ಅವನು ತಿಂತಾನೆ ಬಿಡು" ಅಂದರು.

ಮಧ್ಯಾಹ್ನ ಮೆಸೇಜ್ ಬಂತು. ರಾತ್ರಿ ದೀಪ ಆರಿಸಿ ಸಾಗುತ್ತಾರಂತೆ. ಎಲ್ಲರೂ ಲೈಫ್ ಜಾಕೆಟ್ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾರೆ. ದಾರಿಯಲ್ಲಿ ಒಂದು ಯುದ್ಧನೌಕೆ ಕಂಡಿತು, ತುಂಬ ದೂರ, ಬಾವುಟ ಗೊತ್ತಾಗಲಿಲ್ಲ.

ಮಾವನಿಗೆ ಓದಿ ಹೇಳಿದೆ.

"ಒಂದಾ? ಮಿಕ್ಕವ್ರು?"

"ಊಟಕ್ಕೆ ಹೋಗಿರ್ಬೇಕು ಮಾವ."

ತಮಾಷೆಗೆ ಅಂದದ್ದು. ಅವರು ನಗಲಿಲ್ಲ. ಎದ್ದು ಟೆರೇಸಿಗೆ ಹೋದರು. ಬಾಡಿಗೆ ಮನೆಯವರ ಮಕ್ಕಳು ಅಲ್ಲಿ ಗಾಳಿಪಟ ಹಾರಿಸುತ್ತಿದ್ದರೆ ದಿನಾ ಬೈಯುವವರು, ಇವತ್ತು ಬೈದ ಸದ್ದು ಬರಲಿಲ್ಲ.

ಜನವರಿ 19, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ.

ಬೆಳಿಗ್ಗೆ ಮುಂಬೈಯಿಂದ ಹಡಗಿನ ಏಜೆನ್ಸಿಯವರ ಫೋನ್. ಏಡನ್ ಕೊಲ್ಲಿಯಲ್ಲಿ ಹಡಗಿಗೆ ಪೆಟ್ಟು ಬಿದ್ದಿದೆ. ಕ್ಷಿಪಣಿ. ಎಂಜಿನ್ ರೂಮಿನ ಪಕ್ಕಕ್ಕೆ. ಅಲ್ಲಿ ನೀರು ನುಗ್ಗಿದೆ. ಉಳಿದವರನ್ನೆಲ್ಲ ಇಳಿಸಿಕೊಂಡಿದ್ದಾರೆ. ಇಳಿಸಿಕೊಂಡದ್ದು ನಮ್ಮ ದೇಶದ ನೌಕೆ... ಆ ಇಪ್ಪತ್ತರಲ್ಲಿ ಸೇರದೇ ಇದ್ದದ್ದು.

ಥರ್ಡ್ ಎಂಜಿನಿಯರ್ ಸಿಕ್ಕಿಲ್ಲ.

ಥರ್ಡ್ ಎಂಜಿನಿಯರ್ ದಿನೇಶ್.

"ಮಿಸ್ಸಿಂಗ್ ಅಷ್ಟೇ ಮೇಡಂ, ಹೋಪ್ ಇಟ್ಕೊಳಿ," ಅಂದ ಆ ಹುಡುಗ. ಅತ್ತೆ ಅಡುಗೆಮನೆಯಿಂದ ಯಾರೇ ಅದು, ಯಾರೇ ಅದು ಎಂದು ಕೇಳುತ್ತಲೇ ಇದ್ದರು.

ಜನವರಿ 20

ಮನೆ ತುಂಬ ಜನ. ನೆಂಟರು, ಪಾಳ್ಯದವರು, ಸುದ್ದಗುಂಟೆಪಾಳ್ಯದ ದೊಡ್ಡಮ್ಮನ ಕಡೆಯವರು ವ್ಯಾನಿನಲ್ಲಿ. ಎಲ್ಲರದೂ ಒಂದೇ ಮಾತು. "ನಾವಿದೀವಿ ಕಣಮ್ಮಾ." ಚಪ್ಪಲಿ ಗೇಟಿನ ಹೊರಗೂ ಹರಡಿಕೊಂಡಿದ್ದವು.

ಭೀಮೇಶಣ್ಣ, ಮಾವನ ತಂಗಿಯ ಅಳಿಯ, ರಾಜಕೀಯದವರ ಜೊತೆ ಓಡಾಡುವವರು. ನನ್ನನ್ನು ಬಾಲ್ಕನಿಗೆ ಕರೆದು, ದೊಡ್ಡವರ ಹತ್ತಿರ ಮಾತಾಡುತ್ತೇನೆ, ಆದರೆ ನನ್ನ ಹೆಸರು ಎಲ್ಲೂ ಹೇಳಬೇಡ ಎಂದರು. ಹೂಂ ಎಂದೆ. ಅವರಿಗೆ ಅರ್ಥವಾಗದ ನಗು ಒಂದು ಬಂತು ನನಗೆ. ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು.

ಜನವರಿ 23, ಮಂಗಳವಾರ

ಮೈದುನ ಮನೋಜ್ ದಿನವಿಡೀ ಫೋನಿನಲ್ಲಿ ಸುದ್ದಿ ಹುಡುಕುತ್ತಾನೆ. ಇವತ್ತು ಆ ಇಪ್ಪತ್ತು ದೇಶಗಳ ಒಕ್ಕೂಟದವರ ಹೇಳಿಕೆ ಸಿಕ್ಕಿತು. ಕನ್ನಡ ಮಾಡಿ ಮಾವನಿಗೆ ಹೇಳಿದ. ಬಂದದ್ದು ಎರಡು ಕ್ಷಿಪಣಿ. ಒಂದನ್ನು ಅವರ ನೌಕೆ ಆಕಾಶದಲ್ಲೇ ಒಡೆಯಿತು. ಇನ್ನೊಂದು ಸರಕು ಹಡಗಿಗೆ ತಾಗಿತು. ಕೊನೆಯ ಸಾಲು: ಒಕ್ಕೂಟದ ಯಾವ ಹಡಗಿಗೂ, ಯಾವ ಸಿಬ್ಬಂದಿಗೂ ಹಾನಿಯಾಗಿಲ್ಲ.

"ಹಾನಿಯಾಗಿಲ್ಲ ಅಂದ್ರೆ?" ಮಾವ ಕೇಳಿದರು.

"ಅಂದ್ರೆ ಅವ್ರ ಕಡೆಯವ್ರಿಗೆ ಅಪ್ಪಾ."

"ನಮ್ಮ ದಿನೇಶ ಯಾರ ಕಡೆ ಹಂಗಾರೆ?"

ಮನೋಜ್ ಆ ಹೇಳಿಕೆಯನ್ನೇ ಮತ್ತೆ ಮೊದಲಿನಿಂದ ಓದತೊಡಗಿದ. ನಾನೂ ಯೋಚಿಸಿದೆ. ಹಡಗಿನ ಮಾಲೀಕ ಒಂದು ದೇಶದವನು. ಬಾವುಟ ಇನ್ನೊಂದರದು. ಒಳಗೆ ತುಂಬಿದ್ದ ಸರಕು, ಗೊಬ್ಬರ, ಮತ್ತೊಂದರದು. ಇಪ್ಪತ್ತು ದೇಶಗಳು ಕಾಯುತ್ತೇವೆ ಎಂದದ್ದು ಆ ಹಡಗನ್ನು. ಅದರೊಳಗಿನವನ ಲೆಕ್ಕ ಯಾವ ದೇಶದ ಪಾಲಿಗೂ ಬರಲಿಲ್ಲ.

ಆ ಒಂದನ್ನು ಒಡೆದ ನೌಕೆಯವರನ್ನು ಬೈಯಲು ಬಾಯಿ ಬರುವುದಿಲ್ಲ. ಒಬ್ಬರಾದರೂ ಅಲ್ಲಿದ್ದರು. ಉಳಿದವರ ಮೇಲೆ ಸಿಟ್ಟಿದೆ. ಮಾವನ ಮೇಲೆ ಎಲ್ಲರಿಗಿಂತ ಜಾಸ್ತಿ. ಅವರ ಮುಖ ನೋಡದೆ ತಟ್ಟೆ ಇಟ್ಟು ಬರುತ್ತೇನೆ. ಗೊತ್ತಾಗಿದೆ ಅವರಿಗೆ.

ಫೆಬ್ರವರಿ 11, ಭಾನುವಾರ

ಗೇಟಿನ ಹೊರಗೆ ಈಗ ಚಪ್ಪಲಿಗಳಿಲ್ಲ. ಭೀಮೇಶಣ್ಣ ಫೋನ್ ಎತ್ತುವುದಿಲ್ಲ. ದೊಡ್ಡಮ್ಮನ ಮೊಮ್ಮಗಳಿಗೆ ನಿಶ್ಚಿತಾರ್ಥವಂತೆ, ನಮಗೆ ಹೇಳಲಿಲ್ಲ. ಈ ಸಮಯದಲ್ಲಿ ಹೇಗೆ ಕರೆಯುವುದು ಎಂದರಂತೆ. ಮನೋಜ್ ಮಾತ್ರ ರಜೆ ಹಾಕಿ ಮುಂಬೈಗೆ ಹೋಗಿ ಬಂದ. ಮತ್ತೆ ದೇವರಾಜ್ ಮಾಮ, ಮಾವನ ಹಳೆಯ ಸ್ನೇಹಿತ, ದಿನಾ ಬೆಳಿಗ್ಗೆ ಬಂದು ವರಾಂಡದಲ್ಲಿ ಕೂರುತ್ತಾರೆ. ಒಂದು ಮಾತೂ ಆಡುವುದಿಲ್ಲ. ಕಾಫಿ ಕುಡಿದು ಹೋಗುತ್ತಾರೆ.

ಹಡಗು ಮುಳುಗಿಲ್ಲ. ಹಿಂಭಾಗ ನೀರಲ್ಲಿ, ತೇಲುತ್ತಿದೆ. ಎಳೆದು ತರುವ ಹಡಗು ಹೋಗಬೇಕು, ಅದಕ್ಕೆ ಕಾವಲು ಬೇಕು. ಕಾವಲು ಕೊಡುವವರು ಯಾರು ಎಂದು ಇನ್ನೂ ಮಾತುಕತೆ.

ಇವತ್ತು ದಿನೇಶನ ಜೊತೆಯವನೊಬ್ಬ ಅತ್ತೆಗೆ ಫೋನ್ ಮಾಡಿದ್ದ. ಸೂಯೆಜ್‌ನಲ್ಲಿ ಇಳಿದ ಇಬ್ಬರಲ್ಲಿ ಒಬ್ಬ. ಪಾಪದ ಹುಡುಗ, ಸಮಾಧಾನ ಹೇಳಲು ಮಾಡಿದ್ದು. "ನಮ್ಮ ಜೊತೆ ಇಳಿಯೋನೇ ಇದ್ದ ಆಂಟಿ. ಮನೇಲಿ ಒಂದ್ಮಾತು ಕೇಳ್ತೀನಿ ಅಂದ," ಎಂದನಂತೆ.

ಅತ್ತೆಗೆ ಇಳಿಯಬಹುದಿತ್ತು ಎನ್ನುವುದೇ ಗೊತ್ತಿರಲಿಲ್ಲ. ಫೋನ್ ಇಟ್ಟು ಹಾಲಿಗೆ ಬಂದರು.

"ಯಾರ್ನ ಕೇಳ್ದ ಅವ್ನು? ಯಾರ್ ಹೋಗು ಅಂದಿದ್ದು?"

ಮಾವ ಗೋಡೆ ನೋಡುತ್ತಿದ್ದರು. ನಾನು ಬಟ್ಟೆ ಮಡಿಸುತ್ತಿದ್ದೆ.

"ಅವ್ರು ಯಾರೇ ಆಗ್ಲಿ, ಸಾಯೋಗಂಟ ಅವ್ರ ಕೈ ನೀರು ಮುಟ್ಟಲ್ಲ ನಾನು. ಅವ್ರಿರೋ ಮನೇಲಿ ಇರಲ್ಲ."

ಹೇಳಿಬಿಡಬಹುದಿತ್ತು. ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ಹೇಳಬೇಕು ಅನ್ನಿಸಿತು ಕೂಡ. ಮಾವ ಒಂದು ಸಲ ನನ್ನ ಕಡೆ ನೋಡಿದರು. ನಾನು ಮಡಿಸಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಫೆಬ್ರವರಿ 27

ಹಡಗನ್ನು ದಡಕ್ಕೆ ಎಳೆದು ತಂದಿದ್ದಾರೆ. ಎಂಜಿನ್ ರೂಮಿನ ನೀರು ಖಾಲಿ ಮಾಡಿದರು.

ಒಬ್ಬರು ಸಿಕ್ಕಿದ್ದಾರೆ. ಗುರುತು ಹಿಡಿಯುವ ಸ್ಥಿತಿಯಲ್ಲಿಲ್ಲ. ಡಿಎನ್‌ಎ ಬೇಕು. ತಂದೆಯದು ಅಥವಾ ತಾಯಿಯದು.

ಅಲ್ಲಿ ಇದ್ದವನು ಇನ್ಯಾರು ಇರುತ್ತಾನೆ... ಆದರೂ ಇವತ್ತು ಇಡೀ ದಿನ ಬೇರೆ ಯಾರೋ ಇರಬಹುದು ಅಂದುಕೊಂಡೆ. ಬೇರೆ ಯಾರಾದರೂ ಆಗಿರಲಿ ಎಂದು ಬೇಡಿಕೊಂಡೆ. ಇನ್ನೊಬ್ಬಳ ಗಂಡ. ಥೂ.

ಫೆಬ್ರವರಿ 29, ಗುರುವಾರ

ಮಾವನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಜಯನಗರದಲ್ಲೇ. ಒಬ್ಬರು ಸಿಕ್ಕಿದ್ದು ಅತ್ತೆಗೆ ಇನ್ನೂ ಹೇಳಿಲ್ಲ, ಮಾವನ ಶುಗರ್ ಟೆಸ್ಟಿಗೆ ಎಂದೆವು.

ರಕ್ತ ತೆಗೆಯುವ ಹುಡುಗಿ ಚಿಕ್ಕವಳು. "ನಿಮಗೂ ಅವರಿಗೂ ಏನ್ ಸಂಬಂಧ ಸಾರ್?"

"ಮಗ."

"ತಾಯಿದೂ ಇದ್ರೆ ಒಳ್ಳೇದಿತ್ತು."

"ಅವಳನ್ನ ಕರ್ಕೊಂಡ್ ಬರಕ್ಕಾಗಲ್ಲಮ್ಮ. ನಂದೇ ಎಷ್ಟ್ ಬೇಕೋ ಅಷ್ಟ್ ತಗೊ."

ಒಂದು ಚಿಕ್ಕ ಟ್ಯೂಬು ಸಾಕು ಎಂದಳು. ಅವರು ಷರ್ಟಿನ ತೋಳು ಕೆಳಗಿಳಿಸಲೇ ಇಲ್ಲ, ಇನ್ನೂ ಕೇಳುತ್ತಾಳೇನೋ ಎಂದು ಕೈ ಚಾಚಿಕೊಂಡೇ ಕೂತಿದ್ದರು. ನಾನೇ ಬಟನ್ ಹಾಕಿದೆ. ಆ ಕೈ ಇಷ್ಟು ಸಣ್ಣಗಾಗಿದ್ದು ನೋಡಿರಲಿಲ್ಲ. ಒಂದು ತಿಂಗಳಿಂದ ಮುಖವನ್ನೂ ನೋಡಿರಲಿಲ್ಲವಲ್ಲ.

ಆಟೋ ಬೇಡ ಎಂದರು. ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತೆವು. ಒಂದು ಬಸ್ ಬಂದು ಹೋಯಿತು. ಅವರು ಏಳಲಿಲ್ಲ.

"ಆ ಸೈಟಿನ ಕಥೆ ನಾನ್ ಅರ್ಧ ಹೇಳ್ತಿದ್ದೆ ಕಣಮ್ಮಾ, ಅರ್ಪಿತಾ."

ಅವರ ಕಡೆ ತಿರುಗಿದೆ.

"ಅವ್ರು ಲಾರಿ ತಿರುಗಿಸ್ಕೊಂಡ್ ಹೋಗಿದ್ದು ನಿಜ. ಎರಡ್ ದಿನ ಬಿಟ್ಟು ಮತ್ತೆ ಬಂದ್ರು, ದೊಣ್ಣೆ ತಗೊಂಡು. ಆಗ್ಲೂ ನಮ್ಮೋರು ಅಷ್ಟೂ ಜನ ಅಲ್ಲೇ ಇದ್ರು. ಮೊದಲನೇ ಏಟು ಬಿತ್ತು ನೋಡು, ಒಬ್ಬ ಇಲ್ಲ! ಎಲ್ಲಾ ರಾಗಿ ಹೊಲ ಹಾರ್ಕೊಂಡ್ ಓಡಿದ್ರು. ಊಟ ಹಾಕ್ಸಿದ್ದೆ, ಅದಕ್ಕೆ ಬಂದಿದ್ರು. ನಿಂತಿದ್ದು ದೇವರಾಜ ಒಬ್ನೇ. ತಲೆ ಒಡೀತು ಅವನ್ದು. ಆಮೇಲೆ ಪೊಲೀಸ್ರು ಬಂದಿದ್ದಕ್ಕೆ ಸೈಟ್ ಉಳೀತು."

"ಇದನ್ನ ಯಾಕೆ ಯಾವತ್ತೂ ಹೇಳ್ಲಿಲ್ಲ ಮಾವ?"

"ನನ್ ಕರೆಗೆ ಇಪ್ಪತ್ತು ಜನ ಬಂದ್ರು ಅನ್ನೋದು ಹೇಳ್ಕೊಳಕ್ಕೆ ಚೆನ್ನಾಗಿತ್ತು. ಹೇಳಿ ಹೇಳಿ ಅದೇ ನಿಜ ಆಗೋಯ್ತು. ಅವ್ನು ಕೇಳ್ದಾಗ ಬಾಯಿಗೆ ಅದೇ ಬಂತು." ಮೊಣಕಾಲು ಉಜ್ಜಿಕೊಳ್ಳುತ್ತ, "ನಿಮ್ಮತ್ತೆ ಗೌರಿಗೆ ಹೇಳು. ನಾನ್ ಬೇಡ ಅನ್ನಲ್ಲ," ಎಂದರು.

ಅತ್ತರು. ಬಸ್ ಸ್ಟಾಪಿನಲ್ಲಿ, ಕಾಲೇಜು ಹುಡುಗಿಯರ ಮಧ್ಯೆ. ನನಗೂ ಅಳು ಬಂತು. ದಿನೇಶನಿಗಾಗಿ ನಾನು ಯಾರ ಜೊತೆಯಲ್ಲೂ ಸೇರಿ ಅತ್ತಿರಲಿಲ್ಲ, ಇವತ್ತೇ ಮೊದಲು.

ಮಾರ್ಚ್ 20, ಬುಧವಾರ

ರಿಪೋರ್ಟ್ ಬಂತು. ಅವನೇ.

ಮಾರ್ಚ್ 25, ಸೋಮವಾರ. ಮಧ್ಯಾಹ್ನ

ಶನಿವಾರ ಮಣ್ಣು ಮಾಡಿದೆವು. ಬಾಡಿಗೆ ಶೆಡ್ಡುಗಳ ಹಿಂದೆ ನಮ್ಮದು ಎಂದು ಉಳಿದಿರುವ ಅಷ್ಟಗಲ ಜಾಗದಲ್ಲಿ, ತಾತನ ಪಕ್ಕ. ಪೆಟ್ಟಿಗೆ ತೆಗೆಯಲು ಬಿಡಲಿಲ್ಲ. ಅತ್ತೆ ಪೆಟ್ಟಿಗೆಯ ಹಲಗೆಯ ಮೇಲೆ ಕೆನ್ನೆ ಇಟ್ಟು ಮಲಗಿದರು. ನಾನು ಕಾಲಿನ ಕಡೆ ಕೂತೆ. ಯಾವುದು ಕಾಲಿನ ಕಡೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಇವತ್ತು ಹಾಲು ತುಪ್ಪ. ಜನ ಮತ್ತೆ ಬಂದಿದ್ದರು, ವ್ಯಾನಿನವರು, ಭೀಮೇಶಣ್ಣ, ಎಲ್ಲ. ಎಡೆ ಇಟ್ಟಾಯಿತು. ಮೊದಲು ತಾಯಿ ಹಾಲು ಬಿಡಬೇಕು, ಆಮೇಲೆ ಒಬ್ಬೊಬ್ಬರಾಗಿ. ಅತ್ತೆ ಚೊಂಬು ಹಿಡಿದು ನಿಂತರು, ಬಿಡಲಿಲ್ಲ.

"ನನ್ ಮಗನ್ಗೆ ಹೋಗು ಅಂದೋರು ಯಾರು ಅಂತ ಗೊತ್ತಾಗ್ದೆ ಈ ಹಾಲು ಬೀಳಲ್ಲ. ಇಲ್ಲೇ ಇದಾರೆ ಅವ್ರು. ಹೇಳ್ಲಿ."

ನೆಂಟರು ಮಣ್ಣು ನೋಡಿದರು, ಕೆಲವರು ಮೆಲ್ಲಗೆ ಹಿಂದೆ ಸರಿದರು. ಮಾವ ಒಂದು ಹೆಜ್ಜೆ ಮುಂದಿಟ್ಟರು. ಬಾಯಿ ತೆರೆದರು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಈ ಮನೆಯೂ ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಅನ್ನಿಸಿತು ನನಗೆ. ಅಷ್ಟೇ ಅನ್ನಿಸಿದ್ದು. ಬೇರೆ ಯಾವ ಯೋಚನೆಯೂ ಇರಲಿಲ್ಲ.

"ನಾನು, ಅತ್ತೆ. ನನ್ನ ಕೇಳ್ದ. ಹೋಗು ಅಂದೆ."

ಹೇಗೆ ಬಂತೋ ಬಾಯಿಂದ.

ಅತ್ತೆ ನನ್ನನ್ನು ನೋಡಿದ್ದನ್ನು ಬರೆಯಲಾರೆ. ಹಾಲು ಬಿಟ್ಟರು. ನನ್ನ ಸರದಿ ಬಂದಾಗ ಚೊಂಬು ನನ್ನ ಕೈಗೆ ಕೊಡಲಿಲ್ಲ, ನನ್ನನ್ನು ದಾಟಿಸಿ ಮನೋಜನಿಗೆ ಕೊಟ್ಟರು. ಗಂಡನಿಗೆ ಒಂದು ಹನಿ ಹಾಲು ಬಿಡಲು ಆಗಲಿಲ್ಲ ನನಗೆ. ಎಲ್ಲರೂ ನೋಡುತ್ತಿದ್ದರು.

ಮಾರ್ಚ್ 27

ಅತ್ತೆ ನನ್ನ ಕೈ ನೀರು ಮುಟ್ಟುತ್ತಿಲ್ಲ. ನಾನು ಹಾಕಿದ ಅನ್ನ ಹಾಗೇ ಇರುತ್ತದೆ. ತಾವೇ ಬೇರೆ ಪಾತ್ರೆಯಲ್ಲಿ ಗಂಜಿ ಮಾಡಿಕೊಳ್ಳುತ್ತಾರೆ. ಅಮ್ಮ ಫೋನ್ ಮಾಡಿ ಬಂದುಬಿಡು, ಅಲ್ಲಿ ಯಾಕೆ ಇರುತ್ತೀಯ ಅಂದಳು. ಹೋಗಬಹುದು. ತವರಿಗೆ ಹೋಗಲು ಯಾರೂ ತಡೆಯುವುದಿಲ್ಲ ಈಗ.

ಸುಳ್ಳು ಅಂತಲೂ ಅನ್ನಿಸುವುದಿಲ್ಲ. ಆ ಮಧ್ಯಾಹ್ನ ನಾನೂ ಅಲ್ಲೇ ಇದ್ದೆ, ಸುಮ್ಮನೆ.

ಮಾವ ನನ್ನ ಜೊತೆ ಮಾತಾಡಿಲ್ಲ. ದೇವರಾಜ್ ಮಾಮ ಇವತ್ತು ಕಾಫಿ ಲೋಟ ನನ್ನ ಕೈಗೆ ಕೊಡುವಾಗ ಒಂದು ಕ್ಷಣ ತಲೆ ಮೇಲೆ ಕೈ ಇಟ್ಟು ಹೋದರು. ನಿಜ ಗೊತ್ತಿದೆ ಅವರಿಗೆ.

ಮಾರ್ಚ್ 29, ಶುಕ್ರವಾರ. ಬೆಳಿಗ್ಗೆ 10

ಕ್ಲಿನಿಕ್‌ಗೆ ಸೋಮವಾರದಿಂದ ಬರುತ್ತೇನೆ ಎಂದು ಹೇಳಿದೆ. ಬಟ್ಟೆ ಒಣಗಲು ಹಾಕಿ ರೂಮಿಗೆ ಬಂದು ಕೂತಿದ್ದೆ. ಮಾವ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವೆಂದು ಸಂಕ್ರಾಂತಿಯಿಂದೀಚೆಗೆ ಮೇಲೆ ಬಂದಿರಲಿಲ್ಲ. ಬಾಗಿಲಲ್ಲೇ ನಿಂತರು.

"ಯಾಕಮ್ಮ ಹಂಗಂದೆ?"

"ಗೊತ್ತಿಲ್ಲ ಮಾವ."

"ಹಾಲು ಬಿಡಕ್ಕೂ ಆಗ್ಲಿಲ್ಲ ನಿಂಗೆ."

ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಗೌರಿ ಹೋಗೋದಾದ್ರೆ ಹೋಗ್ಲಿ. ನಿನ್ನ ಹಿಂದೆ ಬಚ್ಚಿಟ್ಕೊಂಡು ಬದುಕೋದು ಬೇಡ ನಂಗೆ," ಎಂದರು. ಮಾವ, ಬೇಡಿ, ಎಂದೆ. ಆಗಲೇ ಇಳಿಯುತ್ತಿದ್ದರು. ಒಂದೊಂದೇ ಮೆಟ್ಟಿಲು.

ಕೈಗೆ ಕೆಲಸ ಬೇಕೆಂದು ಬರೆಯುತ್ತಿದ್ದೇನೆ. ಕೆಳಗೆ ಅಡುಗೆಮನೆಯಲ್ಲಿ ಅವರ ದನಿ. "ಗೌರೀ, ಒಲೆ ಆರ್ಸು. ಕೂತ್ಕೋ ಇಲ್ಲಿ. ಅವಳಲ್ಲ ಕಣೇ ಹೋಗು ಅಂದಿದ್ದು..."

ಈಗ ಸದ್ದಿಲ್ಲ. ಪಾತ್ರೆ ಇಟ್ಟ ಸದ್ದೂ ಇಲ್ಲ. ಮಾವ ಒಬ್ಬರೇ ಇದ್ದಾರೆ ಅಲ್ಲಿ, ಅತ್ತೆಯ ಎದುರು. ಹೋಗಬೇಕು. ಹೋಗಿ ಅವರ ಪಕ್ಕದಲ್ಲಿ—